ಆಡುವವನೂ ಆಡಿಸುವವನೂ

ಕನ್ನಡದ ಧಾತುವಿಗೆ 'ಇಸು' ಎಂಬ ಪ್ರತ್ಯಯವನ್ನು ಹಚ್ಚಿದೊಡನೆ ಕೆಲಸದ ಭಾರವು ಒಬ್ಬನ ಮೈಯಿಂದ ಇನ್ನೊಬ್ಬನ ಮನಸ್ಸಿಗೆ ದಾಟಿಬಿಡುವುದು. ಮಾಡುವವನು ಮಾಡಿಸುವವನಾಗುತ್ತಾನೆ, ಓದುವವನು ಓದಿಸುವವನಾಗುತ್ತಾನೆ, ಆಡುವವನು ಆಡಿಸುವವನಾಗುತ್ತಾನೆ. ಸಂಸ್ಕೃತ ವೈಯಾಕರಣರು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಕ್ರಿಯೆಯಲ್ಲಿ ಸ್ವತಂತ್ರನಾದವನೇ ಕರ್ತೃವೆಂದು ಪಾಣಿನಿಯ ಮತ. ಆ ಕರ್ತೃವನ್ನು ಪ್ರೇರಿಸುವವನಿಗಾದರೋ ಆಚಾರ್ಯನು ಎರಡು ಹೆಸರುಗಳನ್ನು ಕೊಟ್ಟಿದ್ದಾನೆ: ಅವನು ಹೇತುವೂ ಹೌದು, ಕರ್ತೃವೂ ಹೌದು. ವ್ಯಾಕರಣದಲ್ಲಿ ಈ ಎರಡು ಹೆಸರುಗಳು ಜಗಳವಿಲ್ಲದೆ ಒಂದೆಡೆ ಬಾಳುತ್ತವೆ. ಲೋಕದಲ್ಲಿ ಹಾಗಲ್ಲ. ಮಗನನ್ನು ಪರಸ್ಥಳಕ್ಕೆ ಕಳುಹಿಸಿದ ತಂದೆ, ಶಿಷ್ಯನಿಗೆ ದಾರಿ ತೋರಿದ ಗುರು, ಸೈನ್ಯವನ್ನು ನಡೆಸಿದ ದಳಪತಿ, ಇವರು ಆಮೇಲೆ ಆದ ಕಾರ್ಯಕ್ಕೆ ಕೇವಲ ಹೇತುಗಳೋ ಅಥವಾ ಕರ್ತೃಗಳೇ ಹೌದೋ ಎಂಬುದು, ಕಾರ್ಯವು ಸುಖವಾಗಿ ಮುಗಿದಾಗ ಯಾರೂ ಕೇಳದ ಪ್ರಶ್ನೆ. ದುಃಖದಲ್ಲಿ ಮುಗಿದಾಗ ನಿದ್ದೆಗೆಡಿಸುವ ಪ್ರಶ್ನೆ.

ಇದನ್ನು ಪರೀಕ್ಷಿಸುವುದಕ್ಕೆ ರಣರಂಗಕ್ಕೆ ಹೋಗಬೇಕಾಗಿಲ್ಲ. ಆಟದ ಬಯಲೇ ಸಾಕು. ಕಾಲ್ಚೆಂಡಿನಂಥ ವಿನೋದದಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ಕೆಲವರು ಹುಬ್ಬೇರಿಸಬಹುದು. ಪಗಡೆಯ ಹಾಸಿನ ಮೇಲೆ ಒಂದು ವಂಶದ ಗತಿಯೇ ನಿರ್ಧಾರವಾದ ಕಥೆಯನ್ನು ಮನೆಮನೆಯಲ್ಲಿಯೂ ಓದುವ ದೇಶದಲ್ಲಿ ಈ ಆಕ್ಷೇಪಣೆಯು ಹೆಚ್ಚು ಕಾಲ ನಿಲ್ಲಲಾರದು. ಇಂಗ್ಲೆಂಡಿನ ಪ್ರತಿಯೊಂದು ದೊಡ್ಡ ಊರಿಗೂ ಒಂದೋ ಎರಡೋ ಕಾಲ್ಚೆಂಡಿನ ಕ್ಲಬ್ಬುಗಳಿವೆ. ಪ್ರತಿಯೊಂದು ಕ್ಲಬ್ಬಿಗೂ ಒಬ್ಬ ಮ್ಯಾನೇಜರು. ಆಟಗಾರರನ್ನು ಹುಡುಕಿ ತರುವವನು, ತಿದ್ದುವವನು, ಇಂಥ ದಿನ ಇಂಥವರೇ ಆಡಬೇಕೆಂದು ಗೊತ್ತುಮಾಡುವವನು ಅವನೇ. ಆದರೆ ಆಟ ಮೊದಲಾದ ಮೇಲೆ ಅವನು ಗೆರೆಯ ಆಚೆ ಕುಳಿತು ನೋಡತಕ್ಕವನು; ಚೆಂಡಿಗೆ ಅವನ ಕಾಲು ತಾಗುವಂತಿಲ್ಲ. ಗೆದ್ದರೂ ಸೋತರೂ ಊರು ಅವನ ಹೆಸರನ್ನೇ ಹೇಳುವುದು. ಈ ಪದವಿಯನ್ನೇರಿದವರಲ್ಲಿ ಬಹುಮಂದಿ ಹಿಂದೆ ತಾವೇ ಆಡಿದವರು. ಅವರಲ್ಲಿ ಮ್ಯಾಟ್ ಬಸ್ಬಿ ಎಂಬಾತನ ಬಾಳು ಮೇಲಿನ ಪ್ರಶ್ನೆಯನ್ನು ಎಷ್ಟು ಕಠಿನವಾಗಿ ಕೇಳಿತೋ ಅಷ್ಟು ಕಠಿನವಾಗಿ ಇನ್ನಾರ ಬಾಳೂ ಕೇಳಿದಂತೆ ತೋರುವುದಿಲ್ಲ.

ಬಸ್ಬಿಯು ಸ್ಕಾಟ್ಲೆಂಡಿನ ಲ್ಯಾನರ್ಕ್‌ಷೈರ್ ಪ್ರಾಂತದ ಆರ್ಬಿಸ್ಟನ್ ಎಂಬ ಗಣಿಗಾರರ ಹಳ್ಳಿಯಲ್ಲಿ ೧೯೦೯ನೆಯ ಇಸವಿ ಮೇ ೨೬ರಂದು ಹುಟ್ಟಿದನು. ಎರಡು ಕೋಣೆಗಳ ಮನೆ. ಕಲ್ಲಿದ್ದಲ ಗಣಿಯ ಕೂಲಿಯಿಂದ ಜೀವನ. ತಂದೆಯು ಮೊದಲನೆಯ ಮಹಾಯುದ್ಧದಲ್ಲಿ, ೧೯೧೭ರ ಏಪ್ರಿಲಿನಲ್ಲಿ, ಫ್ರಾನ್ಸಿನ ಅರಾಸ್ ಎಂಬಲ್ಲಿ ಮರೆಯಿಂದ ಹಾರಿಬಂದ ಗುಂಡಿಗೆ ಬಲಿಯಾದನು. ಮಗನಿಗೆ ಆಗ ಎಂಟು ತುಂಬಿರಲಿಲ್ಲ. ಹುಡುಗನೂ ಕಾಲಕ್ರಮದಲ್ಲಿ ಗಣಿಗೆ ಇಳಿದನು. ಆ ಕತ್ತಲೆಯಿಂದ ಮಕ್ಕಳನ್ನು ಬಿಡಿಸಿ ಅಮೆರಿಕಕ್ಕೆ ಕರೆದೊಯ್ಯಬೇಕೆಂದು ತಾಯಿಯು ಅಪ್ಪಣೆಗಾಗಿ ಬರೆದುಕೊಂಡಿದ್ದಳು. ಅಪ್ಪಣೆ ಬರುವುದು ತಡವಾಯಿತು. ತಡವಾದ ಆ ತಿಂಗಳುಗಳಲ್ಲಿಯೇ, ೧೯೨೮ರ ಫೆಬ್ರುವರಿಯಲ್ಲಿ, ಮ್ಯಾಂಚೆಸ್ಟರ್ ಸಿಟಿ ಎಂಬ ಕ್ಲಬ್ಬು ಆತನನ್ನು ವಾರಕ್ಕೆ ೫ ಪೌಂಡು ಸಂಬಳದ ಮೇಲೆ ಸೇರಿಸಿಕೊಂಡಿತು. ಕಚೇರಿಯ ಕಾಗದವೊಂದು ಬೇಗ ಬಂದಿದ್ದರೆ ಮುಂದಿನ ಕಥೆಯೇ ಇಲ್ಲ.

ಮೊದಲ ಒಂದೆರಡು ವರ್ಷ ಆತನು ಸೋತವನೇ ಸರಿ. ಮುಂದಿನ ಸಾಲಿನಲ್ಲಿ, ಗೋಲು ಹೊಡೆಯುವವರ ಪಕ್ಕದಲ್ಲಿ ನಿಲ್ಲಿಸಿದರು, ಕಾಲು ಏಳಲಿಲ್ಲ. ೧೯೩೦ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ಬಾದ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಆತನನ್ನು ಕೊಟ್ಟುಬಿಡುವ ಮಾತು ಬಂದಿತು. ಬೆಲೆ ೧೫೦ ಪೌಂಡು. ಅಷ್ಟು ಹಣವೂ ಆ ಬಡ ಕ್ಲಬ್ಬಿನ ಕೈಯಲ್ಲಿರಲಿಲ್ಲವಾದ ಕಾರಣ ವ್ಯವಹಾರ ಮುರಿಯಿತು. ಆ ಬಳಿಕ ಆತನನ್ನು ಹಿಂದಕ್ಕೆ ತಂದು ಹಾಫ್‌ಬ್ಯಾಕಿನ ಸ್ಥಾನದಲ್ಲಿ ನಿಲ್ಲಿಸಿದರು; ಅಲ್ಲಿ ಮನುಷ್ಯ ಅರಳಿದನು. ಗೋಲು ಹೊಡೆಯುವುದು ಹಾಫ್‌ಬ್ಯಾಕಿನವನ ಮುಖ್ಯ ಕೆಲಸವಲ್ಲ. ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿಕೊಳ್ಳಬೇಕು. ತಲೆಯೆತ್ತಿ ಬಯಲನ್ನೆಲ್ಲ ನೋಡಬೇಕು. ಮುಂದಿರುವ ಗೆಳೆಯನು ಈಗ ಎಲ್ಲಿದ್ದಾನೆ ಎಂಬುದಕ್ಕಿಂತ ಇನ್ನೊಂದು ಕ್ಷಣದಲ್ಲಿ ಎಲ್ಲಿರುವನು ಎಂದು ಊಹಿಸಿ ಅಲ್ಲಿಗೆ ಚೆಂಡನ್ನು ಕಳುಹಿಸಬೇಕು. ಆ ಸ್ಥಾನದಲ್ಲಿ ನಿಂತವನು ಆಡುವಾಗಲೇ ಅರ್ಧ ಆಡಿಸುವವನು. ೧೯೩೩ರಲ್ಲಿ ಆತನ ತಂಡವು ಎಫ್. ಎ. ಕಪ್ಪಿನ ಕೊನೆಯ ಪಂದ್ಯದಲ್ಲಿ ಸೋತಿತು. ೧೯೩೪ರಲ್ಲಿ ಪೋರ್ಟ್ಸ್‌ಮತ್ತಿನ ತಂಡದ ಮೇಲೆ ಗೆದ್ದಿತು. ಆ ದಿನ ಗೋಲು ಕಾಯುತ್ತಿದ್ದ ಫ್ರಾಂಕ್ ಸ್ವಿಫ್ಟ್ ಎಂಬ ಇಪ್ಪತ್ತರ ಹುಡುಗನು ಕೊನೆಯ ಸೀಟಿ ಕೇಳಿದೊಡನೆ ಹಿಗ್ಗಿನ ಭಾರದಿಂದ ಮೂರ್ಛೆ ಬಿದ್ದನು. ಈ ಹುಡುಗನ ಹೆಸರನ್ನು ವಾಚಕರು ಮರೆಯಬಾರದು.

ತಾನು ಮಾಡಬಲ್ಲವನು ಇನ್ನೊಬ್ಬನಿಂದ ಮಾಡಿಸಬಲ್ಲನೆ? ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ಮೇಲುಕೀಳಿನ ವಾದ ಬಂದಾಗ ಪರಿವ್ರಾಜಿಕೆಯು ಇದೇ ವಿವೇಚನೆಯನ್ನು ಮಾಡುತ್ತಾಳೆ: ಒಬ್ಬನ ವಿದ್ಯೆ ಅವನ ಮೈಯಲ್ಲಿಯೇ ಚೆನ್ನಾಗಿರುವುದು, ಇನ್ನೊಬ್ಬನದು ಶಿಷ್ಯನಿಗೆ ದಾಟುವುದರಲ್ಲಿ ಚೆನ್ನಾಗಿರುವುದು, ಎರಡೂ ಇದ್ದವನೇ ಆಚಾರ್ಯರಲ್ಲಿ ಮೊದಲಿಗನು. ಪಾಠಶಾಲೆಗಳಲ್ಲಿ ಈ ಮಾತಿಗೆ ನಿದರ್ಶನಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಹಾಪಂಡಿತನ ಮುಂದೆ ಕುಳಿತ ಹುಡುಗರು ತೂಕಡಿಸುವುದೂ, ಸಾಧಾರಣ ಪಂಡಿತನ ಹುಡುಗರು ವಿದ್ವತ್ಪರೀಕ್ಷೆಯಲ್ಲಿ ಮೇಲೆ ಬರುವುದೂ ನಿತ್ಯದ ನೋಟ. ಸುಲಭವಾಗಿ ವಿದ್ಯೆ ಬಂದವನಿಗೆ ಬರದವನ ಕಷ್ಟ ತಿಳಿಯದು. ಬಸ್ಬಿಯು ಒಳ್ಳೆಯ ಆಟಗಾರನೇ, ಆದರೆ ಅಸಾಧಾರಣನಲ್ಲ. ಸ್ಕಾಟ್ಲೆಂಡಿನ ಪರವಾಗಿ ಕ್ರಮವಾದ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದ್ದು ೧೯೩೩ರಲ್ಲಿ ಒಂದೇ ಸಲ. ಆದರೆ ಎರಡು ವರ್ಷ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಕುಳಿತ ಅನುಭವವಿತ್ತಷ್ಟೆ. ಅದೇ ಮುಂದೆ ಆತನ ಬಂಡವಾಳವಾಯಿತು.

೧೯೩೬ರಲ್ಲಿ ಲಿವರ್‌ಪೂಲಿಗೆ ಹೋಗಿ ಅಲ್ಲಿ ಆಡುತ್ತಿದ್ದಾಗ ಎರಡನೆಯ ಯುದ್ಧ ಬಂದಿತು. ಆಡುವ ವಯಸ್ಸು ಯುದ್ಧದಲ್ಲಿಯೇ ಕಳೆಯಿತು. ೧೯೪೫ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನವರು, ಹಿಂದೆ ೧೫೦ ಪೌಂಡಿಗೆ ಕೊಳ್ಳಲಾರದೆ ಹೋದವರೇ, ಆತನನ್ನು ಮ್ಯಾನೇಜರಾಗಿ ಬಾ ಎಂದು ಕರೆದರು. ಅವರ ಓಲ್ಡ್ ಟ್ರಾಫರ್ಡ್ ಬಯಲು ೧೯೪೧ರ ಮಾರ್ಚಿಯಲ್ಲಿ ಜರ್ಮನರ ಬಾಂಬಿಗೆ ಸಿಕ್ಕಿ ಹಾಳಾಗಿದ್ದಿತು. ೧೯೪೯ರ ವರೆಗೂ ಪ್ರತಿಸ್ಪರ್ಧಿ ಕ್ಲಬ್ಬಿನ ಬಯಲನ್ನು ಬಾಡಿಗೆಗೆ ಹಿಡಿದು ಆಡಬೇಕಾಯಿತು. ಮೂರು ವರ್ಷದ ಕರಾರು ಎಂದು ಅವರು ಹೇಳಿದರೆ, ಐದು ವರ್ಷ ಬೇಕೆಂದು ಈತನು ಹಟ ಹಿಡಿದನು. ಆ ಕಾಲದಲ್ಲಿ ಅನೇಕ ಕ್ಲಬ್ಬುಗಳಲ್ಲಿ ತಂಡವನ್ನು ಆರಿಸುವವರು ಹಣ ಹಾಕಿದ ಡೈರೆಕ್ಟರುಗಳು. ಮ್ಯಾನೇಜರೆಂದರೆ ಟೋಪಿ ಕೋಟುಗಳಲ್ಲಿ ಕಚೇರಿಯಲ್ಲಿ ಕುಳಿತ ಗುಮಾಸ್ತೆಯಂಥವನು. ಬಸ್ಬಿಯು ಆಯ್ಕೆಯ ಅಧಿಕಾರವೆಲ್ಲ ತನ್ನದೇ ಆಗಬೇಕೆಂದು ಕೇಳಿ ಪಡೆದನು. ಆಟಗಾರರ ಜೊತೆಯಲ್ಲಿ ಅಭ್ಯಾಸದ ಉಡುಪು ತೊಟ್ಟು ತಾನೂ ಬಯಲಿಗಿಳಿದನು. ಇಲ್ಲೊಂದು ಮಾತನ್ನು ಗಮನಿಸಬೇಕು. ಅಧಿಕಾರವನ್ನು ಕೇಳಿ ಪಡೆದವನು ಹೊಣೆಯನ್ನೂ ಕೇಳಿ ಪಡೆದಂತೆಯೇ. ಆ ದಿನ ಅದು ಆತನಿಗೆ ಲಾಭದಂತೆ ಕಂಡಿತು.

ಯುದ್ಧಕಾಲದಲ್ಲಿ ಇಟಲಿಯ ಬಾರಿಯಲ್ಲಿ ಸೈನಿಕರಿಗೆ ಆಟದ ವಿಚಾರವಾಗಿ ಆವೇಶದಿಂದ ಮಾತನಾಡುತ್ತಿದ್ದ ಜಿಮ್ಮಿ ಮರ್ಫಿ ಎಂಬ ವೇಲ್ಸಿನವನನ್ನು ಕಂಡು ಮೆಚ್ಚಿದ್ದನು. ಅವನನ್ನು ಕರೆತಂದು ಜೊತೆಯಲ್ಲಿಟ್ಟುಕೊಂಡನು. ೧೯೪೮ರಲ್ಲಿ ಎಫ್. ಎ. ಕಪ್ಪು, ೧೯೫೨ರಲ್ಲಿ ಲೀಗಿನ ಪ್ರಥಮಸ್ಥಾನ ಬಂದವು. ಆದರೆ ಆತನ ನಿಜವಾದ ಸಾಹಸವು ಗೆದ್ದ ಕಪ್ಪುಗಳಲ್ಲಿರಲಿಲ್ಲ. ಪಳಗಿದ ಆಟಗಾರರನ್ನು ಹಣ ಕೊಟ್ಟು ಕೊಳ್ಳುವುದಕ್ಕೆ ಬದಲಾಗಿ ಹದಿನೈದು ಹದಿನಾರರ ಹುಡುಗರನ್ನು ಅವರವರ ಊರಿನಿಂದ ಕರೆತಂದು, ಮ್ಯಾಂಚೆಸ್ಟರಿನ ಸಭ್ಯ ಗೃಹಿಣಿಯರ ಮನೆಗಳಲ್ಲಿ ಊಟವಸತಿ ಏರ್ಪಡಿಸಿ, ಬೆಳೆಸಿದನು. ಕಿರಿಯರ ಕಪ್ಪನ್ನು ೧೯೫೩ರಿಂದ ೧೯೫೭ರ ವರೆಗೆ ಐದು ವರ್ಷವೂ ಅವರೇ ಗೆದ್ದರು. ಡಡ್ಲಿ ಊರಿನ ಡಂಕನ್ ಎಡ್ವರ್ಡ್ಸ್ ಹದಿನಾರನೆಯ ವಯಸ್ಸಿನಲ್ಲಿಯೇ ಹಿರಿಯರ ತಂಡದಲ್ಲಿ ಆಡಿದನು. ೧೯೫೬ರಲ್ಲಿಯೂ ೧೯೫೭ರಲ್ಲಿಯೂ ಲೀಗನ್ನು ಗೆದ್ದ ಆ ತಂಡದವರ ಸರಾಸರಿ ವಯಸ್ಸು ಇಪ್ಪತ್ತೆರಡರ ಆಸುಪಾಸು. ಊರಿನವರು ಅವರನ್ನು ಬಸ್ಬಿಯ ಮಕ್ಕಳೆಂದು ಕರೆದರು.

ಮಗುವನ್ನು ಮಠಕ್ಕೆ ತಂದು ಬಿಡುವ ತಂದೆಯು, ಗುರುಗಳ ಮುಂದೆ ಹಣ್ಣು ತಾಂಬೂಲವಿಟ್ಟು, 'ಇನ್ನು ಇವನು ನಿಮ್ಮವನು' ಎಂದು ಹೇಳಿ, ತಿರುಗಿ ನೋಡದೆ ಹೊರಟುಹೋಗುವುದುಂಟು. ತಿರುಗಿ ನೋಡಿದರೆ ಕಾಲು ಬಾರದೆಂದು ಅವನಿಗೆ ಗೊತ್ತು. ಆ ಮಾತಿನಲ್ಲಿ ಕರಾರಿಲ್ಲ, ಸಾಕ್ಷಿಯಿಲ್ಲ, ಮುದ್ರೆಯಿಲ್ಲ. ಆದರೂ ಗುರುವಾದವನನ್ನು ಅದಕ್ಕಿಂತ ಬಿಗಿಯಾಗಿ ಕಟ್ಟುವ ಹಗ್ಗ ಬೇರೊಂದಿಲ್ಲ. ಡಡ್ಲಿಯ ತಾಯಿಯೂ ಡಬ್ಲಿನ್ನಿನ ತಾಯಿಯೂ ತಂತಮ್ಮ ಹುಡುಗನನ್ನು ಬಸ್ಬಿಯ ವಶಕ್ಕೆ ಕೊಟ್ಟಾಗ ಮಾತಿನ ರೂಪ ಬೇರೆಯಾಗಿದ್ದಿರಬಹುದು. ಕಟ್ಟಿದ ಹಗ್ಗ ಅದೇ.

ಯೂರೋಪು ಖಂಡದ ದೇಶಗಳ ಚಾಂಪಿಯನ್ ಕ್ಲಬ್ಬುಗಳು ತಮ್ಮತಮ್ಮಲ್ಲಿ ಆಡುವ ಪಂದ್ಯಾವಳಿಯು ೧೯೫೫ರಲ್ಲಿ ಮೊದಲಾಯಿತು. ಆ ವರ್ಷ ಇಂಗ್ಲಿಷ್ ಲೀಗಿನ ಅಧಿಕಾರಿಗಳು, ಅದು ಒಳನಾಡಿನ ಪಂದ್ಯಗಳಿಗೆ ಅಡ್ಡಿಯಾಗುವುದೆಂದು ಹೇಳಿ, ಚೆಲ್ಸಿ ಎಂಬ ಕ್ಲಬ್ಬು ಹಿಂದೆಗೆಯುವಂತೆ ಮಾಡಿದರು. ಮರುವರ್ಷ ಬಸ್ಬಿಗೂ ಅದೇ ಬುದ್ಧಿವಾದ ಬಂದಿತು. ಆತನು ಕೇಳಲಿಲ್ಲ. ಆಟದ ಮುಂದಿನ ಕಾಲವು ಸಮುದ್ರದಾಚೆಗಿದೆ, ತನ್ನ ಹುಡುಗರು ಅಲ್ಲಿಯವರೊಡನೆ ಆಡಿಯೇ ಬೆಳೆಯಬೇಕು ಎಂಬುದು ಆತನ ನಂಬಿಕೆ. ಆ ನಂಬಿಕೆ ನಿಜವೆಂದು ಮುಂದಿನ ಕಾಲವು ತೋರಿಸಿತು; ಆದರೆ ನಿಜವಾದ ನಂಬಿಕೆಗೂ ಬೆಲೆಯಿರುವುದು.

ಲೀಗಿನವರು ಒಂದು ನಿಬಂಧನೆ ಹಾಕಿದ್ದರು: ಪರದೇಶಕ್ಕೆ ಹೋದ ತಂಡವು ಶನಿವಾರದ ಪಂದ್ಯಕ್ಕೆ ಮುಂಚಿತವಾಗಿ ತಾಯ್ನಾಡಿಗೆ ಬಂದಿರಲೇಬೇಕು. ೧೯೫೭ರ ಡಿಸೆಂಬರಿನಲ್ಲಿ ಪ್ರಾಗ್ ನಗರದಿಂದ ಹಿಂದಿರುಗುವಾಗ ಇಂಗ್ಲೆಂಡಿನ ಮೇಲೆ ಮಂಜು ಕವಿದು, ತಂಡವು ಆಂಸ್ಟರ್‌ಡ್ಯಾಮಿನ ದಾರಿಯಾಗಿ ಹಡಗು ಹತ್ತಿ ಬಳಲಿ ಬರಬೇಕಾಯಿತು. ಇನ್ನೊಮ್ಮೆ ಹೀಗಾಗಬಾರದೆಂದು ಮುಂದಿನ ಪ್ರಯಾಣಕ್ಕೆ ಪ್ರತ್ಯೇಕ ವಿಮಾನವನ್ನೇ ಗೊತ್ತುಮಾಡಿದರು. ೧೯೫೮ರ ಫೆಬ್ರುವರಿ ೫ರಂದು ಬೆಲ್‌ಗ್ರೇಡಿನಲ್ಲಿ ರೆಡ್ ಸ್ಟಾರ್ ತಂಡದೊಡನೆ ಮೂರು ಮೂರು ಗೋಲಿನ ಸಮಬಲದ ಆಟವಾಗಿ, ಮುಂದಿನ ಸುತ್ತಿಗೆ ಹೋಗುವುದು ನಿಶ್ಚಯವಾಯಿತು. ಮರುದಿನ ವಿಮಾನವು ಎಣ್ಣೆ ತುಂಬಿಸಿಕೊಳ್ಳಲು ಮ್ಯೂನಿಚ್ಚಿನಲ್ಲಿ ಇಳಿಯಿತು. ಹಿಮ ಬೀಳುತ್ತಿದ್ದಿತು. ಎರಡು ಸಲ ಏರಲು ಹೋಗಿ ಇಂಜಿನಿನ ಸದ್ದು ಸರಿಯಿಲ್ಲವೆಂದು ನಿಲ್ಲಿಸಿದರು. ಪ್ರಯಾಣಿಕರೆಲ್ಲ ಕೆಳಗಿಳಿದರು. ಈ ದಿನ ಹೊರಡುವುದಿಲ್ಲ, ನಾಳೆ ಬರುತ್ತೇನೆ ಎಂದು ಎಡ್ವರ್ಡ್ಸ್ ತಾನು ಉಳಿದುಕೊಂಡಿದ್ದ ಮನೆಯಾಕೆಗೆ ತಂತಿ ಕೊಟ್ಟನು. ಅಷ್ಟರಲ್ಲಿ ಮತ್ತೆ ಕರೆ ಬಂದಿತು, ಮತ್ತೆ ಹತ್ತಿದರು. ಮೂರನೆಯ ಸಲ ವಿಮಾನವು ನೆಲ ಬಿಡಲಾರದೆ, ಬೇಲಿಯನ್ನು ಒಡೆದುಕೊಂಡು ಹೋಗಿ, ಮನೆಗೆ ಬಡಿದು ಚೂರಾಯಿತು.

ಒಳಗಿದ್ದವರು ೪೪ ಮಂದಿ. ಸತ್ತವರು ಒಟ್ಟು ೨೩. ಅವರಲ್ಲಿ ಆಟಗಾರರು ಎಂಟು. ಎಡ್ವರ್ಡ್ಸ್ ಹದಿನೈದು ದಿನ ಮೃತ್ಯುವಿನೊಡನೆ ಹೋರಾಡಿ ಫೆಬ್ರುವರಿ ೨೧ರಂದು ತೀರಿಕೊಂಡನು, ಇಪ್ಪತ್ತೊಂದು ವರ್ಷದವನು. ಕ್ಲಬ್ಬಿನ ಕಾರ್ಯದರ್ಶಿ, ಇಬ್ಬರು ಶಿಕ್ಷಕರು, ಎಂಟು ಮಂದಿ ಪತ್ರಿಕೆಯವರು ಹೋದರು. ಆ ಪತ್ರಿಕೆಯವರಲ್ಲೊಬ್ಬನು ಫ್ರಾಂಕ್ ಸ್ವಿಫ್ಟ್; ೧೯೩೪ರಲ್ಲಿ ಮೂರ್ಛೆ ಹೋದ ಹುಡುಗನೇ. ಬಸ್ಬಿಯ ಎದೆಯ ಗೂಡು ಒಡೆದಿದ್ದಿತು. ಎರಡು ಸಲ ಪಾದ್ರಿಯು ಬಂದು ಅಂತ್ಯಕಾಲದ ವಿಧಿಗಳನ್ನು ನಡೆಸಿದನು. ಆದರೂ ಬದುಕಿದನು. ಯಾರು ಉಳಿದರು, ಯಾರು ಹೋದರು ಎಂಬುದನ್ನು ಬಹು ದಿನ ಆತನಿಂದ ಮರೆಮಾಡಿದ್ದರು. ಕೊನೆಗೆ ಆತನು ಹೆಂಡತಿ ಜೀನಳ ಕೈಹಿಡಿದು ಒಬ್ಬೊಬ್ಬರ ಹೆಸರನ್ನು ಹೇಳುತ್ತ ಹೋದನಂತೆ. ಹೋದವರ ಹೆಸರು ಬಂದಾಗ ಆಕೆ ಬಾಯಿ ತೆರೆಯದೆ ತಲೆಯಲ್ಲಾಡಿಸಿದಳಂತೆ.

ತಪ್ಪು ಯಾರದು? ಜರ್ಮನಿಯ ಅಧಿಕಾರಿಗಳು ರೆಕ್ಕೆಗಳ ಮೇಲಿನ ಹಿಮಗಡ್ಡೆಯನ್ನು ತೆಗೆಸದಿದ್ದ ವಿಮಾನಚಾಲಕ ಜೇಮ್ಸ್ ಥೇನನದೆಂದರು. ಅವನು ಕೆಲಸ ಕಳೆದುಕೊಂಡನು. ರೆಕ್ಕೆಯ ಮೇಲಿನ ಹಿಮವಲ್ಲ, ನೆಲದ ಮೇಲೆ ಕರಗಿ ರೊಜ್ಜಾಗಿದ್ದ ಹಿಮವೇ ಚಕ್ರಗಳನ್ನು ಹಿಡಿದು ವೇಗವನ್ನು ಕುಗ್ಗಿಸಿತೆಂದು ಬ್ರಿಟಿಷ್ ವಿಚಾರಣೆಯು ತೀರ್ಮಾನಿಸಿ ಅವನನ್ನು ನಿರ್ದೋಷಿಯೆಂದು ಸಾರಿದ್ದು ೧೯೬೯ರಲ್ಲಿ. ಹನ್ನೊಂದು ವರ್ಷ ಆ ಮನುಷ್ಯ ಇಪ್ಪತ್ತುಮೂರು ಹೆಣಗಳನ್ನು ಹೊತ್ತು ನಡೆದನು, ೧೯೭೫ರಲ್ಲಿ ಸತ್ತನು. ಲೋಕಕ್ಕೆ ಕರ್ತೃವಿಲ್ಲದ ಕ್ರಿಯೆಯು ಸಹಿಸದು. ದೊಡ್ಡ ದುಃಖವಾದಾಗ ಯಾರಾದರೊಬ್ಬನನ್ನು ಕರ್ತೃಸ್ಥಾನದಲ್ಲಿ ಕೂರಿಸಲೇಬೇಕೆಂಬ ಹಸಿವು ಅದಕ್ಕೆ. ಥೇನನು ಲೋಕದ ಕಣ್ಣಿನಲ್ಲಿ ಅಪರಾಧಿ; ತನ್ನ ಕಣ್ಣಿನಲ್ಲಿ ಅಲ್ಲ. ಬಸ್ಬಿಯ ಸ್ಥಿತಿ ಸರಿಯಾಗಿ ಇದರ ತಿರುವುಮುರುವು. ಲೋಕವು ಆತನ ಮೇಲೆ ಕರುಣೆಯನ್ನಲ್ಲದೆ ಬೇರೇನನ್ನೂ ಹೊರಿಸಲಿಲ್ಲ. ಆತನೇ ತನ್ನನ್ನು ಕಟಕಟೆಯಲ್ಲಿ ನಿಲ್ಲಿಸಿಕೊಂಡನು: ಹೋಗಬೇಡವೆಂದವರ ಮಾತನ್ನು ಮೀರಿ ಇವರನ್ನು ಯೂರೋಪಿಗೆ ಕರೆದುಕೊಂಡು ಹೋದವನು ತಾನಲ್ಲವೆ? ಇನ್ನು ಕಾಲ್ಚೆಂಡಿನ ಸಹವಾಸವೇ ಬೇಡವೆಂದು ನಿಶ್ಚಯಿಸಿದನು.

ಈ ಪಶ್ಚಾತ್ತಾಪವು ಯುಕ್ತವೆ? ನ್ಯಾಯದ ತಕ್ಕಡಿ ಹಿಡಿದವನು ಸುಲಭವಾಗಿ ಅಲ್ಲವೆನ್ನುವನು. ಉದ್ದೇಶ ಕೆಟ್ಟದಲ್ಲ, ಪರಿಣಾಮವು ಯಾರ ಊಹೆಗೂ ನಿಲುಕುವಂಥದಲ್ಲ, ಹಿಮವನ್ನು ಸುರಿಸಿದವನು ಆತನಲ್ಲ, ವಿಮಾನವನ್ನು ನಡೆಸಿದವನು ಆತನಲ್ಲ. ಅಲ್ಲದೆ ಆಟಗಾರರೇನು ಸೂತ್ರದ ಗೊಂಬೆಗಳೆ? ಪ್ರೇರಿತನಾದವನೂ ತನ್ನ ಕ್ರಿಯೆಯಲ್ಲಿ ಸ್ವತಂತ್ರನೇ ಎಂದು ವ್ಯಾಕರಣದ ವ್ಯಾಖ್ಯಾನಕಾರರೂ ಒಪ್ಪುವರು. ಆ ಹುಡುಗರು ತಾವಾಗಿಯೇ, ಉತ್ಸಾಹದಿಂದಲೇ ಹೋದವರು. ಆದ್ದರಿಂದ ಬಸ್ಬಿಯು ಹೇತುವಷ್ಟೆ, ಕರ್ತೃವಲ್ಲ. ಹೇತುವೂ ಅನೇಕ ಹೇತುಗಳಲ್ಲೊಬ್ಬನು. ಈ ವಾದದಲ್ಲಿ ಒಂದು ಎಳೆಯೂ ಸಡಿಲಿಲ್ಲ. ಆದರೂ ಇದನ್ನು ಒಪ್ಪಿ ಎದ್ದುಹೋಗುವವನನ್ನು ಕಂಡರೆ ಮನಸ್ಸಿಗೆ ಹಿಡಿಸುವುದಿಲ್ಲ. ಏಕೆ?

ನೆರೆಮನೆಯ ಹುಡುಗನನ್ನು ಜಾತ್ರೆಗೆ ಕರೆದುಕೊಂಡು ಹೋದವನೊಬ್ಬನನ್ನು ಊಹಿಸಿಕೊಳ್ಳಬಹುದು. ಹೊಳೆ ದಾಟುವಾಗ ದೋಣಿ ಮಗುಚಿತು. ಇವನು ಬದುಕಿದನು, ಹುಡುಗ ಹೋದನು. ಇವನು ಅಂಬಿಗನಲ್ಲ, ಹೊಳೆಗೆ ನೀರು ತಂದವನಲ್ಲ. ಊರಿನ ಪಂಚಾಯಿತರು ನಿರ್ದೋಷಿಯೆನ್ನುವರು, ಅದು ಸರಿಯೇ. ಆದರೆ ಇವನು ಒಬ್ಬನೇ ಹಿಂದಿರುಗಿ, ಹುಡುಗನ ತಾಯಿಯ ಬಾಗಿಲಲ್ಲಿ ನಿಂತು, 'ನನ್ನದೇನೂ ತಪ್ಪಿಲ್ಲವಮ್ಮ' ಎಂಬ ಮಾತನ್ನೇ ಮೊದಲು ಆಡಿದರೆ ಆ ತಾಯಿಗೆ ಹೇಗಾಗಬೇಕು? ಮಾತು ಸತ್ಯ, ಆದರೂ ಅದನ್ನು ಆಡಬಾರದು. ಬೇರೆ ಯಾರಾದರೂ ಅವನ ಪರವಾಗಿ ಆಡಬಹುದು, ಅವನು ಆಡಬಾರದು. ತಪ್ಪು ಬೇರೆ, ಋಣ ಬೇರೆ. ತಪ್ಪು ಹುಟ್ಟುವುದು ಕೆಟ್ಟ ಕೆಲಸದಿಂದ. ಋಣ ಹುಟ್ಟುವುದು ನಂಬಿ ಒಪ್ಪಿಸಿದವರ ನಂಬಿಕೆಯನ್ನು ಕೈಯೊಡ್ಡಿ ತೆಗೆದುಕೊಂಡ ಗಳಿಗೆಯಿಂದ. ತಪ್ಪಿಲ್ಲವೆಂದು ಎಷ್ಟೇ ಸಾಧಿಸಿದರೂ ಋಣವು ಒಂದು ಕಾಸಿನಷ್ಟೂ ಕಡಮೆಯಾಗದು. ಬುದ್ಧಿಪೂರ್ವಕವಾದ ಕಾರ್ಯಕ್ಕೂ ಅರಿಯದೆ ಆದುದಕ್ಕೂ ಭೇದವನ್ನು ಚೆನ್ನಾಗಿ ಬಲ್ಲ ಧರ್ಮಶಾಸ್ತ್ರಕಾರರು, ಅರಿಯದೆ ಆದುದಕ್ಕೂ ಪ್ರಾಯಶ್ಚಿತ್ತವನ್ನು ವಿಧಿಸಿದ್ದಾರೆ. ಅದು ನಿಷ್ಠುರವೆಂದು ಈ ಕಾಲದವರು ಹೇಳಬಹುದು. ಆದರೆ ಏನೂ ಮಾಡದೆ ಕೊರಗುವವನಿಗೆ ಮಾಡುವುದಕ್ಕೆ ಏನಾದರೊಂದನ್ನು ಕೊಡುವ ಕರುಣೆಯೂ ಅದರಲ್ಲಿ ಇಲ್ಲದಿಲ್ಲ.

ಕುರುಕ್ಷೇತ್ರದ ಬಳಿಕ ಧರ್ಮರಾಜನಿಗೂ ಹೀಗೆಯೇ ಆಯಿತಷ್ಟೆ. ಗೆದ್ದ ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆಂದನು. ತಮ್ಮಂದಿರೂ ದ್ರೌಪದಿಯೂ ಅವನನ್ನು ತಡೆದರು. ದ್ರೌಪದಿ ಹಿಡಿದದ್ದು ರಾಜಧರ್ಮದ ದಾರಿ: ದಂಡ ಹಿಡಿಯದ ಕ್ಷತ್ರಿಯನು ಶೋಭಿಸನು, ಆಳು ಎಂದು. ಜೀನ್ ಬಸ್ಬಿಯು ಗಂಡನಿಗೆ ಧರ್ಮವನ್ನು ಹೇಳಲಿಲ್ಲ. ಹೋದ ಹುಡುಗರು ಇದ್ದಿದ್ದರೆ ನೀನು ಮುಂದುವರಿಸಬೇಕೆಂದೇ ಬಯಸುತ್ತಿದ್ದರು ಎಂದಷ್ಟೆ ಹೇಳಿದಳು. ಎರಡು ಮಾತಿನಲ್ಲಿ ಎರಡನೆಯದೇ ಹೆಚ್ಚು ಆಳಕ್ಕೆ ಹೋಗುವುದೆನ್ನಬೇಕು. ದ್ರೌಪದಿಯ ಮಾತು ಬದುಕಿರುವವರ ಪರವಾದದ್ದು. ಜೀನಳ ಮಾತು ಸತ್ತವರನ್ನೇ ಸಾಲಿಗರಾಗಿ ಎದುರಿಗೆ ನಿಲ್ಲಿಸಿತು; ಅವರು ಕೇಳುತ್ತಿರುವುದು ಕಣ್ಣೀರಲ್ಲ, ಕೆಲಸ ಎಂದಿತು. ತಪ್ಪಿನ ಭಾರದಿಂದ ನೆಲಕ್ಕೆ ಹತ್ತಿದ್ದ ಮನುಷ್ಯನಿಗೆ ಅದನ್ನು ಋಣವನ್ನಾಗಿ ಬದಲಿಸಿಕೊಟ್ಟಳು. ತಪ್ಪನ್ನು ಹೊತ್ತು ಕೂರಬಹುದಷ್ಟೆ. ಋಣವನ್ನಾದರೆ ಸ್ವಲ್ಪಸ್ವಲ್ಪವಾಗಿಯಾದರೂ ತೀರಿಸಬಹುದು.

ಅಷ್ಟರಲ್ಲಿ ಮರ್ಫಿಯು, ವೇಲ್ಸಿನ ತಂಡದ ಕೆಲಸದ ಮೇಲೆ ಕಾರ್ಡಿಫಿನಲ್ಲಿದ್ದುದರಿಂದ ಆ ವಿಮಾನದಲ್ಲಿ ಇಲ್ಲದೆ ಉಳಿದವನು, ಕ್ಲಬ್ಬನ್ನು ಎತ್ತಿ ಹಿಡಿದಿದ್ದನು. ಫೆಬ್ರುವರಿ ೧೯ರ ಪಂದ್ಯಕ್ಕೆ ಅಚ್ಚಾದ ಹಾಳೆಯಲ್ಲಿ ಯುನೈಟೆಡ್ಡಿನ ಆಟಗಾರರ ಹೆಸರಿರಬೇಕಾದ ಹನ್ನೊಂದು ಸ್ಥಳಗಳೂ ಬರಿದಾಗಿದ್ದವು. ಅಚ್ಚಿನ ಹೊತ್ತಿಗೆ ಯಾರು ಆಡುವರೆಂಬುದೇ ತಿಳಿದಿರಲಿಲ್ಲ. ಮೇ ತಿಂಗಳಲ್ಲಿ ಬಸ್ಬಿಯು ಊರುಗೋಲು ಹಿಡಿದು ಎಫ್. ಎ. ಕಪ್ಪಿನ ಕೊನೆಯ ಪಂದ್ಯಕ್ಕೆ ಬಂದು ಕುಳಿತನು. ತಂಡ ಸೋತಿತು. ಮುಂದಿನ ಹತ್ತು ವರ್ಷದ ಕಥೆಯನ್ನು ಬೆಳೆಸಬೇಕಾಗಿಲ್ಲ. ೧೯೬೩ರಲ್ಲಿ ಕಪ್ಪು, ೧೯೬೫, ೧೯೬೭ರಲ್ಲಿ ಲೀಗು, ೧೯೬೮ರ ಮೇ ೨೯ರಂದು ಲಂಡನ್ನಿನ ವೆಂಬ್ಲಿಯಲ್ಲಿ ಪೋರ್ಚುಗಲ್ಲಿನ ಬೆನ್‌ಫಿಕಾ ತಂಡವನ್ನು ೪-೧ರಿಂದ ಸೋಲಿಸಿ, ಯಾವ ಕಪ್ಪನ್ನು ಅರಸುತ್ತ ಹೋಗಿ ಆ ಹುಡುಗರು ಸತ್ತರೋ ಅದೇ ಕಪ್ಪನ್ನು ಗೆದ್ದದ್ದು. ಮ್ಯೂನಿಚ್ಚಿನಲ್ಲಿ ಬದುಕಿ ಉಳಿದವರಲ್ಲಿ ಇಬ್ಬರು, ಬಾಬಿ ಚಾರ್ಲ್ಟನ್ನನೂ ಬಿಲ್ ಫೌಕ್ಸನೂ, ಆ ದಿನ ಆಡಿದರು. ಆಟ ಮುಗಿದೊಡನೆ ಬಸ್ಬಿಯು ಚಾರ್ಲ್ಟನ್ನನನ್ನು ತಬ್ಬಿಕೊಂಡನು. ಆ ರಾತ್ರಿಯ ಔತಣಕ್ಕೆ ಚಾರ್ಲ್ಟನ್ನನು ಇಳಿದು ಬರಲಾರದೆ ಕೋಣೆಯಲ್ಲಿಯೇ ಉಳಿದನು. ಗೆಲವು ಕೆಲವರಿಗೆ ಹೀಗೂ ಬರುವುದು.

ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಚೆಂದವಾಗಿ ಮುಗಿಯುವುದು. ಆದರೆ ಸತ್ಯಕ್ಕೆ ಕೊರತೆ ಬರುವುದು. ಸತ್ತವರ ಋಣಕ್ಕೆ ಕಪ್ಪೊಂದು ಸಂದಾಯವಾಗಬಲ್ಲುದೆ? ಜಾನಿ ಬೆರಿ, ಜಾಕಿ ಬ್ಲಾಂಚ್‌ಫ್ಲವರ್ ಎಂಬಿಬ್ಬರು ಆ ಅಪಘಾತದಲ್ಲಿ ಬದುಕಿದರೂ ಮತ್ತೆಂದೂ ಆಡಲಾರದವರಾದರು. ಇಬ್ಬರೂ ತಾವು ವಾಸವಾಗಿದ್ದ ಕ್ಲಬ್ಬಿನ ಮನೆಗಳನ್ನು ಹೊಸ ಆಟಗಾರರಿಗಾಗಿ ಬಿಟ್ಟುಕೊಡಬೇಕಾಯಿತು. ಅದು ಆಡಳಿತಮಂಡಲಿಯ ನಿರ್ಣಯವಿರಬಹುದು. ಆದರೂ ತಂಡವನ್ನು ಮತ್ತೆ ಕಟ್ಟುವ 'ಋಣ'ದ ಗದ್ದಲದಲ್ಲಿ, ಕಣ್ಣ ಮುಂದಿನ ಚಿಕ್ಕ ಋಣವು ತೀರದೆ ಉಳಿಯಿತೆಂಬುದನ್ನು ಮುಚ್ಚಲಾಗದು. ಸತ್ತವರು ಏನು ಬಯಸುತ್ತಿದ್ದರೆಂದು ಹೇಳುವುದು ಸುಲಭ. ಅವರು ಎದ್ದು ಬಂದು ಅಲ್ಲವೆನ್ನಲಾರರು. ಕುಂಟುತ್ತ ಬದುಕಿರುವವನಿಗೆ ಬಾಯಿರುವುದು, ಬಾಡಿಗೆಯೂ ಬೇಕಾಗುವುದು. ದೊಡ್ಡ ಪ್ರಾಯಶ್ಚಿತ್ತಗಳನ್ನು ಕೈಗೊಂಡವರು ಅನೇಕ ವೇಳೆ ಎಡವುವುದು ಇಂಥ ಹೊಸ್ತಿಲಲ್ಲಿಯೇ.

ಆಡಿಸುವವನಿಗೆ ಇನ್ನೊಂದು ಕಷ್ಟವುಂಟು. ಆಡುವವನನ್ನು ಮೊಣಕಾಲೇ ಒಂದು ದಿನ ನಿಲ್ಲಿಸುವುದು, ಆಡಿಸುವವನನ್ನು ನಿಲ್ಲಿಸುವವರಾರು? ೧೯೬೯ರಲ್ಲಿ ಬಸ್ಬಿಯು ತಾನಾಗಿ ಪದವಿ ಬಿಟ್ಟು, ತನ್ನ ಕೈಯಲ್ಲಿಯೇ ಬೆಳೆದ ವಿಲ್ಫ್ ಮೆಗಿನ್ನಿಸ್ ಎಂಬ ಮೂವತ್ತೊಂದರ ತರುಣನಿಗೆ ತಂಡವನ್ನು ವಹಿಸಿದನು. ಗಾಯಗೊಂಡಿದ್ದುದರಿಂದ ೧೯೫೮ರ ಪ್ರಯಾಣಕ್ಕೆ ಹೋಗದೆ ಉಳಿದವನು ಅವನು. ಆದರೆ ಬಸ್ಬಿಯು ಮೇಲಧಿಕಾರಿಯಾಗಿ ಅಲ್ಲಿಯೇ ಉಳಿದನು. ಹಳಬರು ಹೊಸಬನ ಮುಂದೆ ನಿಂತು ಮಾತು ಕೇಳುವರು, ಕಣ್ಣು ಮಾತ್ರ ಹಳೆಯ ಕೋಣೆಯ ಬಾಗಿಲ ಕಡೆಗೆ. ೧೯೭೦ರ ಡಿಸೆಂಬರಿನಲ್ಲಿ ಆ ತರುಣನನ್ನು ಇಳಿಸಿ, ಅರುವತ್ತೊಂದರ ಬಸ್ಬಿಯು ಇನ್ನಾರು ತಿಂಗಳು ಮತ್ತೆ ತಾನೇ ಆಡಿಸಿದನು. ಆಮೇಲೆ ಬಂದವರಿಗೂ ಆ ನೆರಳಿನಲ್ಲಿ ಪೈರು ಏಳಲಿಲ್ಲ. ೧೯೭೪ರಲ್ಲಿ ತಂಡವು ಎರಡನೆಯ ದರ್ಜೆಗೆ ಇಳಿಯಿತು. ಇಲ್ಲಿ ದುರುದ್ದೇಶವನ್ನು ಹುಡುಕುವುದು ಅನ್ಯಾಯ. ಯಾರ ಮೇಲೆ ಅಷ್ಟೊಂದು ಹೆಸರುಗಳ ಭಾರವಿದೆಯೋ ಅವನು ಆ ಮನೆಯನ್ನು ಬಿಟ್ಟು ಹೊರಗೆ ಹೋಗುವುದೆಂತು? ಋಣವು ಮನುಷ್ಯನನ್ನು ಎಬ್ಬಿಸಿ ನಿಲ್ಲಿಸುವುದು ಎಷ್ಟು ನಿಜವೋ, ಹೊರಡಬೇಕಾದ ಹೊತ್ತಿನಲ್ಲಿ ಹೊರಡಗೊಡದೆ ಸೆರಗು ಹಿಡಿಯುವುದೂ ಅಷ್ಟೇ ನಿಜ. ಬಸ್ಬಿಯ ಸದ್ಗುಣದ ಬೇರೂ ದೋಷದ ಬೇರೂ ಒಂದೇ ಮಣ್ಣಿನಲ್ಲಿದ್ದವು.

ಓಲ್ಡ್ ಟ್ರಾಫರ್ಡಿನ ಗೋಡೆಯ ಮೇಲೆ ೧೯೬೦ರಿಂದ ಒಂದು ಗಡಿಯಾರವಿದೆ. ಅದರ ಮುಖದಲ್ಲಿ ೧೯೫೮ರ ಫೆಬ್ರುವರಿ ೬ ಎಂಬ ತಾರೀಖು ಬರೆದಿದೆ. ಮುದುಕನಾದ ಮೇಲೆಯೂ ಬಸ್ಬಿಯು ಪಂದ್ಯವಿದ್ದ ದಿನಗಳಲ್ಲಿ ಆ ಬಯಲಿಗೆ ಬರುತ್ತಿದ್ದನು. ೧೯೯೪ರ ಜನವರಿ ೨೦ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡನು. ಎರಡು ದಿನಗಳ ಬಳಿಕ ಅಲ್ಲಿ ನಡೆದ ಪಂದ್ಯಕ್ಕೆ ಸ್ಕಾಟ್ಲೆಂಡಿನ ವಾದ್ಯಗಾರನೊಬ್ಬನು ಒಬ್ಬಂಟಿಯಾಗಿ ಚೀಲದ ಕೊಳಲನ್ನು ಊದುತ್ತ ಎರಡು ತಂಡಗಳನ್ನೂ ಬಯಲಿಗೆ ಕರೆತಂದನು. ಆತನ ದೇಹವನ್ನು ಮ್ಯಾಂಚೆಸ್ಟರಿನ ದಕ್ಷಿಣ ಶ್ಮಶಾನದಲ್ಲಿ, ೧೯೮೮ರಲ್ಲಿ ಮುಂದಾಗಿ ಹೋಗಿದ್ದ ಜೀನಳ ಬಳಿಯಲ್ಲಿ ಹೂಳಿದರು.